ಆಮ್ಲಜನಕದ ದಾರಿ

ಕೇಳುಗರಿಗೆ ನಮಸ್ಕಾರ. ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಮಳೆ ಹಿಡಿಯುವ ಮೊದಲೇ ಬಸಿಗಾಲುವೆಯ ಹೂಳೆತ್ತುತ್ತಾರೆ. ಆಷಾಢದಲ್ಲಿ ಕಾಲುವೆ ಕಟ್ಟಿಕೊಂಡರೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತು, ಬೇರಿಗೆ ಗಾಳಿ ಸಿಗದೆ, ಮರ ಸೊರಗುತ್ತದೆ. ನೀರಿಲ್ಲದೆಯೂ ಬದುಕದ, ನಿಂತ ನೀರಿನಲ್ಲಿಯೂ ಬದುಕದ ಈ ಬೇರಿನ ಸ್ಥಿತಿಯೇ, ಹೈಡ್ರೋಜನ್ ಮತ್ತು ಗಾಳಿಯಿಂದ ವಿದ್ಯುತ್ತು ಮಾಡುವ ಇಂಧನಕೋಶದಲ್ಲಿ ಕ್ರಿಯೆ ನಡೆಯುವ ಪದರದ, ಎಂದರೆ ವಿದ್ಯುದ್ವಾರದ್ದೂ ಹೌದು.

ಈ ಕೋಶದ ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ ಹರಿಯುತ್ತದೆ. ಹೈಡ್ರೋಜನ್ ಪ್ರೋಟಾನು ಮತ್ತು ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ನಡುವಿನ ಪಾಲಿಮರ್ ಪೊರೆ ಪ್ರೋಟಾನುಗಳನ್ನು ಮಾತ್ರ ದಾಟಗೊಡುವುದರಿಂದ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿ ಬಂದು, ದಾರಿಯಲ್ಲಿ ಮೋಟಾರು ತಿರುಗಿಸಿ, ಗಾಳಿಯ ಬದಿಯಲ್ಲಿ ಪ್ರೋಟಾನು ಮತ್ತು ಆಮ್ಲಜನಕವನ್ನು ಕೂಡಿ ನೀರಾಗುತ್ತವೆ. ಹೈಡ್ರೋಜನ್ನಿನ ಕ್ರಿಯೆ ಚುರುಕು, ಆಮ್ಲಜನಕದ್ದು ನಿಧಾನ. ಮೇಲಾಗಿ ಗಾಳಿಯಲ್ಲಿರುವ ಆಮ್ಲಜನಕವೇ ಶೇಕಡಾ 21.

ಆ ಆಮ್ಲಜನಕ ಸುಮಾರು 200 ಮೈಕ್ರೋಮೀಟರ್ ದಪ್ಪದ ಇಂಗಾಲದ ಕಾಗದವನ್ನು ಹಾದು, ಸುಮಾರು 10 ಮೈಕ್ರೋಮೀಟರ್ ದಪ್ಪದ, ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕ ಪದರವನ್ನು ಹೊಕ್ಕು, ಅಲ್ಲಿ ಇಂಗಾಲದ ಕಣಗಳಿಗೆ ಅಂಟಿಕೊಂಡಿರುವ ಪ್ಲಾಟಿನಂ ಚೂರನ್ನು ಮುಟ್ಟಬೇಕು. ಚೂರಿನ ಅಗಲ 2ರಿಂದ 5 ನ್ಯಾನೋಮೀಟರ್. ಕ್ರಿಯೆಯಲ್ಲಿ ಹುಟ್ಟಿದ ನೀರು ರಂಧ್ರಗಳನ್ನು ತುಂಬಿದರೆ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಆಮ್ಲಜನಕ ಆ ನೀರಿನಲ್ಲಿ ತೆವಳಬೇಕಾಗುತ್ತದೆ. ಇದಕ್ಕಾಗಿ ಕಾಗದಕ್ಕೆ ಟೆಫ್ಲಾನ್ ಲೇಪಿಸುತ್ತಾರೆ. ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಗಟ್ಟಿ ಜಾರುತ್ತದೆ. ಹಾಗೆಂದು ಪೂರ್ತಿ ಒಣಗಿಸುವಂತೆಯೂ ಇಲ್ಲ, ತೇವವಿಲ್ಲದ ಪೊರೆಯಲ್ಲಿ ಪ್ರೋಟಾನು ಸಾಗದು.

ನಿಜವಾದ ಕಷ್ಟ ಕೊನೆಯ ಕೆಲವು ನ್ಯಾನೋಮೀಟರುಗಳಲ್ಲಿದೆ. ಪ್ರೋಟಾನು ತಲುಪಲೆಂದು ಪ್ಲಾಟಿನಂ ಮೇಲೆ ಅಯಾನೋಮರ್ ಎಂಬ ಪಾಲಿಮರಿನ ತೆಳು ಲೇಪ ಇರಬೇಕು, ಆದರೆ ಅದೇ ಲೇಪ ಆಮ್ಲಜನಕಕ್ಕೆ ಅಡ್ಡ ನಿಲ್ಲುತ್ತದೆ, ಅದರಲ್ಲಿ ಪ್ರೋಟಾನು ಸಾಗಿಸುವ ಸಲ್ಫೋನೇಟ್ ಎಂಬ ಪರಮಾಣು ಗುಂಪುಗಳು ಪ್ಲಾಟಿನಂಗೆ ಅಂಟಿಕೊಂಡು ಕೆಲಸ ಕೆಡಿಸುತ್ತವೆ. ಬೆಲೆ ಇಳಿಸಲೆಂದು ಚದರ ಸೆಂಟಿಮೀಟರಿಗೆ 0.4 ಮಿಲಿಗ್ರಾಂ ಇದ್ದ ಪ್ಲಾಟಿನಮನ್ನು 0.1ಕ್ಕೆ ತಂದರೆ, ಅಷ್ಟೇ ವಿದ್ಯುತ್ತಿಗೆ ಉಳಿದ ಪ್ರತಿ ಚೂರಿಗೂ ನಾಲ್ಕು ಪಟ್ಟು ಆಮ್ಲಜನಕ ಬೇಕು. ಅದು ಒದಗದೆ ವೋಲ್ಟೇಜು ಕುಸಿಯುತ್ತದೆ. ಪ್ಲಾಟಿನಂ ಉಳಿಸುವ ಮಾತಾಡುವವರು ಈ ಲೆಕ್ಕವನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಸಿಕ್ಕಿರುವ ಒಂದು ಉಪಾಯ ನನಗೆ ತುಂಬ ಮೆಚ್ಚುಗೆಯಾದುದು. ಇಂಗಾಲದ ಕಣದಲ್ಲಿಯೇ ಕೆಲವು ನ್ಯಾನೋಮೀಟರಿನ ಪೊಟರೆಗಳನ್ನು ಮಾಡಿ ಪ್ಲಾಟಿನಮನ್ನು ಅವುಗಳೊಳಗೆ ಕೂರಿಸುತ್ತಾರೆ. ಅಯಾನೋಮರಿನ ದೊಡ್ಡ ಅಣು ಒಳಗೆ ತೂರಲಾರದು, ಆಮ್ಲಜನಕ ಮತ್ತು ನೀರಿನ ಸಣ್ಣ ಅಣುಗಳು ತೂರುತ್ತವೆ, ಪ್ರೋಟಾನು ಆ ನೀರಿನ ಮೂಲಕವೇ ಸಾಗುತ್ತದೆ. ಪೊಟರೆಯ ಬಾಯಿ ಕಿರಿದಾದರೆ, ಇಲ್ಲವೆ ಅದು ತೀರ ಆಳವಾದರೆ ಆಮ್ಲಜನಕ ಮತ್ತೆ ಬಿಕ್ಕಟ್ಟಿಗೆ ಸಿಲುಕುತ್ತದೆಯಾದ್ದರಿಂದ ಅಳತೆ ಬಿಗಿಯಾಗಿರಬೇಕು. 2020ರಲ್ಲಿ ಬಂದ ಎರಡನೆಯ ಪೀಳಿಗೆಯ ಟೊಯೋಟಾ ಮಿರಾಯ್ ಕಾರಿನಲ್ಲಿ ಇಂಥ ರಂಧ್ರಮಯ ಇಂಗಾಲವನ್ನೇ ಬಳಸಿದ್ದಾರೆ.

ಕೊಚ್ಚಿಯ ಹಡಗುಕಟ್ಟೆಯಲ್ಲಿ ನಿರ್ಮಿಸಿದ, ಇಂಧನಕೋಶದಿಂದ ಓಡುವ ಹೈಡ್ರೋಜನ್ ದೋಣಿಗೆ 2024ರ ಫೆಬ್ರವರಿಯಲ್ಲಿ ಚಾಲನೆ ದೊರೆಯಿತು. ಅದು ಒಳನಾಡಿನ ನೀರಿಗೆಂದು ಮಾಡಿದ ದೋಣಿ. ಕಾರವಾರದ ಬೈತಖೋಲ ಬಂದರಿನ ಗಾಳಿ ಬೇರೆ: ಅದರ ಉಪ್ಪಿನಲ್ಲಿರುವ ಸೋಡಿಯಂ ಅಯಾನೋಮರಿನೊಳಗೆ ಪ್ರೋಟಾನಿನ ಜಾಗ ಹಿಡಿಯುತ್ತದೆ, ಕ್ಲೋರೈಡು ಪ್ಲಾಟಿನಂ ಮೇಲೆ ಕೂತು ಆಮ್ಲಜನಕಕ್ಕೆ ಎಡೆ ಕೊಡುವುದಿಲ್ಲ. ಇಲ್ಲಿ ಇಂಥ ದೋಣಿ ಇಳಿಯುವುದಾದರೆ ಗಾಳಿ ಎಳೆಯುವ ಬಾಯಿಗೆ ಉಪ್ಪು ತಡೆಯುವ ಸೋಸುಕವನ್ನು ಕೂರಿಸಬೇಕು, ಜೂನ್ ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬಲೆ ಹೊಲಿಯುವ ಹೊತ್ತಿಗೆ ಅದನ್ನೂ ಬಿಚ್ಚಿ ನೋಡಬೇಕು. ನಮಸ್ಕಾರ.