ಟವರ್ ಕೂಗಿದರೆ ಸಾಲದು, ಗಾಡಿಯ ಮಾತೂ ಕೇಳಿಸಬೇಕು

ಗಣಿ, ಕ್ವಾರಿ, ಊರಾಚೆಯ ದೊಡ್ಡ ರಸ್ತೆ ಕೆಲಸ. ಇಂಥ ಕಡೆ ಓಡಾಡುವ ಗಾಡಿಗಳಿಗೆ ನೆಟ್‌ವರ್ಕ್ ಬೇಕು ಎಂದ ಕೂಡಲೇ ಬರುವ ಮೊದಲ ಮಾತು, "ಟವರಿಗೆ ಜಾಸ್ತಿ ಪವರ್ ಇರುವ ರೇಡಿಯೋ (ಡೇಟಾ ಕಳಿಸಿ ಪಡೆಯುವ ಪೆಟ್ಟಿಗೆ) ಹಾಕಿಬಿಡಿ". ನಾನಂತೂ ಇದನ್ನು ಒಪ್ಪುವುದಿಲ್ಲ.

ಗುಡ್ಡದ ಮೇಲೆ ಮೈಕ್ ಹಿಡಿದು ಕೂಗಿದರೆ ಕೆಳಗಿರುವವನಿಗೆ ಕೇಳಿಸುತ್ತದೆ, ನಿಜ. ಆದರೆ ಅವನ ಬರಿಬಾಯಿಯ ಮಾತು ನಿಮಗೂ ಕೇಳಿಸಬೇಕಲ್ವಾ? ಟವರಿನ ಪವರ್ ಮಾತ್ರ ಏರಿಸಿದರೆ ಆಗುವುದು ಇದೇ. ಗಾಡಿಯಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ, ಡೇಟಾ ಮಾತ್ರ ವಾಪಸ್ ಬರುವುದಿಲ್ಲ.

ಅದಕ್ಕೇ ನಾನು ಮೊದಲು ನೋಡುವುದು ಗಾಡಿಯ ನೆತ್ತಿಯನ್ನು. ಒಂದು ಟಿಪ್ಪರ್ ತೆಗೆದುಕೊಳ್ಳಿ. ಕ್ಯಾಬಿನ್ ಮೇಲೆ ಆಂಟೆನಾ ಇದೆ. ಡ್ರೈವರ್ ಲೋಡ್ ಸುರಿಯಲು ಹಿಂದಿನ ಬಾಡಿ ಎತ್ತುತ್ತಾರೆ. ಆಂಟೆನಾದ ಬೆನ್ನಿಗೇ ಉಕ್ಕಿನ ಗೋಡೆ ಎದ್ದು ನಿಂತ ಹಾಗಾಯಿತು. ಟವರ್ ಆ ಕಡೆ ಇದ್ದರೆ ಲಿಂಕ್ ಕಟ್. ಇದಕ್ಕೆ ಪವರ್ ಏನು ಮಾಡೀತು? ಇನ್ನೊಂದು ದಿಕ್ಕಿನಿಂದಲೂ ಕಾಣುವ ಎರಡನೇ ಟವರ್ ಬೇಕು. ಸುರಿಯುವಾಗ ಗಾಡಿ ಯಾವ ಕಡೆ ಮುಖ ಮಾಡಿರುತ್ತದೆ ಎಂದು ಡ್ರೈವರನ್ನೇ ಕೇಳಿ. ನಕ್ಷೆಯಲ್ಲಿ ಅದು ಇರುವುದಿಲ್ಲ.

ಜಾಸ್ತಿ ಗೇನ್ (ಸಿಗ್ನಲ್ಲನ್ನು ಒಟ್ಟುಗೂಡಿಸಿ ಕಳಿಸುವ ಗುಣ) ಇರುವ ಓಮ್ನಿ ಆಂಟೆನಾ (ಸುತ್ತಲೂ ಸಿಗ್ನಲ್ ಕಳಿಸುವಂಥದ್ದು) ಕೂಡ ಹೀಗೇ ಮೋಸ ಮಾಡುತ್ತದೆ. ಅದು ಹೊಸ ಶಕ್ತಿ ಹುಟ್ಟಿಸುವುದಿಲ್ಲ, ಇರುವುದನ್ನೇ ತಟ್ಟೆಯ ಹಾಗೆ ಚಪ್ಪಟೆ ಮಾಡಿ ಹರಡುತ್ತದೆ. ಗಾಡಿ ಏರು ಹತ್ತುವಾಗ ತಟ್ಟೆಯೂ ವಾಲುತ್ತದೆ. ಒಂದು ಅಂಚು ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಏರಿಳಿತ ಇರುವಲ್ಲಿ ಕಡಿಮೆ ಗೇನ್‌ನದೇ ವಾಸಿ.

ಇನ್ನು ಎತ್ತರ. ಟವರ್ ಕಣ್ಣಿಗೆ ಕಂಡರೆ ಸಾಕು ಎಂದುಕೊಳ್ಳುತ್ತೇವೆ, ಸಾಲದು. 2.4 ಗಿಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ಲಿಂಕ್ ಇದ್ದರೆ, ನಡುದಾರಿಯಲ್ಲಿ ನೇರ ಗೆರೆಯ ಸುತ್ತ ಸುಮಾರು 5.6 ಮೀಟರ್ ತನಕ ಅಲೆ ಹರಡಿರುತ್ತದೆ. ಇದೇ ಫ್ರೆನೆಲ್ ವಲಯ. ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ಮಣ್ಣಿನ ರಾಶಿಯೋ ತಿಂಗಳಿಗೊಂದು ಕಡೆ ಬೆಳೆಯುತ್ತದೆ. ಹಾಗಾಗಿ ಕಾಂಕ್ರೀಟ್ ಹಾಕಿ ನೆಟ್ಟ ಕಂಬಕ್ಕಿಂತ ಸೋಲಾರ್, ಬ್ಯಾಟರಿ ಸಮೇತ ಎಳೆದುಕೊಂಡು ಹೋಗುವ ಟ್ರೇಲರ್ ಟವರೇ ನನಗಿಷ್ಟ.

ಕೊನೆಗೆ ಕರೆಂಟ್. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ. ಗಾಡಿಯಲ್ಲಿರುವ ರೇಡಿಯೋ ರೀಬೂಟ್ ಆಗುತ್ತದೆ, ಬೈಗುಳ ಮಾತ್ರ ಟವರಿಗೆ. ನಡುವೆ ವೋಲ್ಟೇಜ್ ಒಂದೇ ಸಮ ಇಡುವ ಒಳ್ಳೆಯ ಡಿಸಿ ಕನ್ವರ್ಟರ್ ಇದ್ದರೆ ಈ ಗೋಳೇ ಇಲ್ಲ. ಹೊಸ ಸಾಮಾನು ತರಿಸುವ ಮೊದಲು ಒಂದು ಸಲ ಕ್ಯಾಬಿನ್‌ನಲ್ಲಿ ಕೂತು, ಡ್ರೈವರಿಗೆ ಕೀ ತಿರುಗಿಸಲು ಹೇಳಿ, ರೇಡಿಯೋದ ಪುಟ್ಟ ದೀಪ ಆರುತ್ತದಾ ನೋಡಿ.