ಒಂದೇ ದಾಸವಾಳದ ಗಿಡ

ನಮಸ್ಕಾರ. ದೂರದಿಂದ ಬರುವ ಸ್ನೇಹಿತರು ಉಡುಪಿಗೆ ಬಂದಾಗೆಲ್ಲ ಕೇಳುತ್ತಾರೆ, ನಿಮ್ಮ ಕಡೆಯ ಹಬ್ಬ ಒಂದು ನೋಡಬೇಕಿತ್ತಲ್ಲ ಅಂತ. ಕೋಲಕ್ಕೋ ತೇರಿಗೋ ಕರೆದೊಯ್ಯುತ್ತೇನೆ ಎಂದು ಅವರ ಎಣಿಕೆ. ನಾನು ಹೇಳುವುದು ಬೇರೆ. ಸೆಪ್ಟೆಂಬರ್ 8ಕ್ಕೆ ಬನ್ನಿ, ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್‌ಗೆ. ಆಗುವುದಾದರೆ ಒಂದು ವಾರ ಮೊದಲೇ ಬನ್ನಿ.

ಯಾಕೆಂದರೆ ಈ ಹಬ್ಬದ ಸೊಗಸು ಹೂವಿನಲ್ಲಿದೆ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಅಂದರೆ ಹಬ್ಬಕ್ಕೆ ಮೊದಲಿನ ಪ್ರಾರ್ಥನೆ. ಮಕ್ಕಳು ಬುಟ್ಟಿ ಹಿಡಿದು ಮನೆಮನೆಯ ಹಿತ್ತಲು ಸುತ್ತುತ್ತಾರೆ. ಸಿಕ್ಕಿದ ಹೂವನ್ನು ಇಗರ್ಜಿಗೆ, ಅಂದರೆ ಚರ್ಚಿಗೆ, ಒಯ್ದು ಯೇಸುವಿನ ತಾಯಿ ಮರಿಯಮ್ಮನ ಶಿಶುರೂಪಕ್ಕೆ ಅರ್ಪಿಸುತ್ತಾರೆ. ನಮ್ಮ ಅಂಗಳದಲ್ಲೊಂದು ದಾಸವಾಳ ಇದೆ. ಚೌತಿಯೂ ಅದೇ ವಾರ ಬಿದ್ದರೆ ಪೇಚಾಟ! ಗಣಪತಿಗೆ ನಾಲ್ಕು ಉಳಿಸಿ, ಉಳಿದದ್ದು ಪಕ್ಕದ ಮನೆಯ ಮಕ್ಕಳ ಬುಟ್ಟಿಗೆ. ಕೆಲವು ಸಲ ಬೆಳಿಗ್ಗೆ ನಾವು ಏಳುವ ಮೊದಲೇ ಗಿಡ ಬೋಳಾಗಿರುತ್ತದೆ. ಬೈಯಲು ಮನಸ್ಸು ಬರುವುದಿಲ್ಲ ಬಿಡಿ.

ಹಬ್ಬದ ಬೇರು ಇರುವುದು ಮಂಗಳೂರು ಬಳಿಯ ಫರಂಗಿಪೇಟೆಯಲ್ಲಿ, ನೇತ್ರಾವತಿ ದಡದ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಎನ್ನುತ್ತಾರೆ. ಮೊಂತೆ ಎಂದರೆ ಪೋರ್ಚುಗೀಸಿನಲ್ಲಿ ಗುಡ್ಡ. ಕನ್ನಡದಲ್ಲಿ ನಾವು ತೆನೆ ಹಬ್ಬ ಎನ್ನುತ್ತೇವೆ. ಮರಿಯಮ್ಮನ ಹುಟ್ಟುಹಬ್ಬದ ದಿನವೇ ಹೊಸ ಭತ್ತದ ತೆನೆಗೆ ಆಶೀರ್ವಾದ. ಪೂಜೆ ಮುಗಿದ ಮೇಲೆ ಮನೆಗೊಂದು ತೆನೆ, ಮಕ್ಕಳ ಕೈಗೆ ಕಬ್ಬು. ಈಗ ಗದ್ದೆ ಕಡಿಮೆ, ಸೈಟು ಜಾಸ್ತಿ. ಕೆಲವು ಕಡೆ ತೆನೆಯನ್ನೂ ಬೇರೆ ಊರಿಂದ ತರಿಸಬೇಕಾಗುತ್ತದೆ.

ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಆದ ಮೇಲೆ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮುಂಬೈ, ಗಲ್ಫ್‌ನಲ್ಲಿ ಇರುವವರ ಪಾಲಿನ ನಾಲ್ಕು ಕಾಳು ಹಿಂದೆ ಅಂಚೆ ಲಕೋಟೆಯಲ್ಲಿ ಹೋಗುತ್ತಿತ್ತು.

ಮತ್ತೆ ಊಟ. ಮೊದಲ ಸಲ ಪಕ್ಕದ ಮನೆಯವರು ಕರೆದಾಗ ನಾನು ಕೋಳಿ ಸುಕ್ಕಾದ ಆಸೆಯಲ್ಲಿ ಹೋಗಿದ್ದೆ. ಬಾಳೆ ಎಲೆಗೆ ಬಿದ್ದದ್ದು ಬೆಂಡೆಕಾಯಿ, ಹೀರೆಕಾಯಿ, ಕೆಸುವಿನ ದಂಟು! ಅವತ್ತು ಮೀನು, ಮಾಂಸ ಇಲ್ಲ. ಪದಾರ್ಥದ ಲೆಕ್ಕವೂ ಬೆಸ ಸಂಖ್ಯೆ, ಐದೋ ಏಳೋ ಒಂಬತ್ತೋ. ನನ್ನ ಮುಖ ನೋಡಿ ಮನೆಯ ಅಜ್ಜಿ ನಕ್ಕು ಇನ್ನೊಂದು ಸೌಟು ದಂಟಿನ ಗಸಿ ಬಡಿಸಿದರು. ನಮ್ಮ ಹೊಸ ಅಕ್ಕಿ ಊಟವೂ ಹೆಚ್ಚುಕಡಿಮೆ ಹೀಗೇ ಅಲ್ವಾ ಎಂದು ಆಗ ಹೊಳೆಯಿತು. ಆ ಊಟಕ್ಕೆ ತುಳುವಿನಲ್ಲಿ ಪುದ್ವಾರ್, ಕುಂದಾಪುರದ ಕಡೆ ಹೊಸ್ತು ಎಂದು ಹೆಸರು.

ನೋಡಲು ಬರುವವರಿಗೆ ಒಂದೇ ಮಾತು. ಫೋಟೋಕ್ಕೆಂದು ಮಕ್ಕಳಿಂದ ಎರಡನೇ ಸಲ ಹೂ ಹಾಕಿಸಬೇಡಿ. ಅಂಥದ್ದನ್ನು ನೋಡಿದ್ದೇನೆ, ಮಕ್ಕಳಿಗೂ ಮುಜುಗರ. ಬರುವಾಗ ಯಾರದ್ದಾದರೂ ಬೇಲಿಯಿಂದ, ಕೇಳಿ, ಒಂದು ಹಿಡಿ ಹೂ ತನ್ನಿ. ಮಧ್ಯಾಹ್ನ ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ಕೆಸುವಿನ ದಂಟು ಗಂಟಲು ತುರಿಸಿದರೆ, ಅದಕ್ಕೆ ಹುಳಿ ಸಾಲದು ಅಂತ ಅರ್ಥ. ಅಜ್ಜಿಗೆ ಮಾತ್ರ ಹೇಳಬೇಡಿ.