‘ರಕ್ತ ಕಡಿಮೆ ಇದೆಯಂತೆ’: ಯಾಕೆ ಎಂದು ಕೇಳಿದಿರಾ?

ದೃಶ್ಯ: ಮೇಜಿನ ಮೇಲೆ ಪ್ರಯೋಗಾಲಯದ ಎರಡು ಚೀಟಿಗಳು. ಕ್ಯಾಮೆರಾ ಮೇಲಿನಿಂದ.

ನಮಸ್ಕಾರ. ಈ ಎರಡು ಚೀಟಿಗಳನ್ನು ನೋಡಿ. ಇವು ಈ ವಿಡಿಯೋಗಾಗಿ ನಾವೇ ತಯಾರಿಸಿದ ಮಾದರಿಗಳು, ಯಾರ ಮನೆಯ ಗುಟ್ಟೂ ಇದರಲ್ಲಿಲ್ಲ. ಆದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದವರೆಗೆ ಯಾರ ಮನೆಯ ಕಪಾಟು ತೆರೆದರೂ ಇಂಥದ್ದೊಂದು ಚೀಟಿ ಮಡಚಿಟ್ಟಿರುತ್ತದೆ.

ಎರಡೂ ಹೆಂಗಸರ ವರದಿಗಳು. ಒಬ್ಬರ ಹಿಮೋಗ್ಲೋಬಿನ್ 8.9, ಇನ್ನೊಬ್ಬರದು 10.6. ಗರ್ಭಿಣಿಯಲ್ಲದ ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುತ್ತಾರೆ. ಹಾಗಾಗಿ ಇಬ್ಬರಿಗೂ ಸಿಗುವ ಉತ್ತರ ಒಂದೇ: ‘ರಕ್ತ ಕಡಿಮೆ ಇದೆ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳಿ.’ ಪಕ್ಕದ ಮನೆಯವರು ಬೀಟ್‌ರೂಟನ್ನೂ ಸೇರಿಸುತ್ತಾರೆ. ಬಣ್ಣ ಕೆಂಪಾದ ಮಾತ್ರಕ್ಕೆ ಅದು ರಕ್ತವಾಗುವುದಿಲ್ಲ. ಬೀಟ್‌ರೂಟಿನಲ್ಲಿ ಕಬ್ಬಿಣ ಇರುವುದು ಅಷ್ಟಕ್ಕಷ್ಟೇ.

ಮೊದಲನೆಯವರು ಮಾತ್ರೆಯಿಂದ ಚೇತರಿಸಿಕೊಳ್ಳುತ್ತಾರೆ. ಎರಡನೆಯವರು ವರ್ಷಗಟ್ಟಲೆ ನುಂಗಿದರೂ ಅಂಕಿ ಕದಲುವುದಿಲ್ಲ. ಯಾಕೆ ಎಂಬುದು ಈ ಚೀಟಿಯಲ್ಲೇ ಬಹುಪಾಲು ಬರೆದಿದೆ.

ತೆರೆಯ ಮೇಲೆ: ಹೆಮಟಾಲಜಿ – ರಕ್ತ ಮತ್ತು ರಕ್ತ ತಯಾರಾಗುವ ಅಂಗಗಳ ವೈದ್ಯಶಾಸ್ತ್ರ

ಹೃದಯಕ್ಕೆ, ಮೂತ್ರಪಿಂಡಕ್ಕೆ ಬೇರೆ ಬೇರೆ ವೈದ್ಯರಿರುವ ಹಾಗೆ ರಕ್ತಕ್ಕೂ ಇದ್ದಾರೆ. ಎಂಬಿಬಿಎಸ್, ಅದರ ಮೇಲೆ ಎಂಡಿ, ಅದಾದ ಮೇಲೆ ಮೂರು ವರ್ಷದ ಡಿಎಂ ಮುಗಿಸಿದವರನ್ನು ಹೆಮಟಾಲಜಿಸ್ಟ್, ಅಂದರೆ ರಕ್ತರೋಗ ತಜ್ಞ ಎನ್ನುತ್ತೇವೆ. ರಕ್ತಹೀನತೆ, ರಕ್ತದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟದ ಕಾಯಿಲೆ, ಬೇಡದ ಕಡೆ ಹೆಪ್ಪುಗಟ್ಟುವ ಕಾಯಿಲೆ, ಅಸ್ಥಿಮಜ್ಜೆಯ ಕಸಿ ಎಲ್ಲವೂ ಇವರ ಪಾಲಿಗೆ ಬರುತ್ತವೆ. ರೋಗಿಯನ್ನೂ ನೋಡಿ, ಅದೇ ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ತಾವೇ ಕುಳಿತು ನೋಡುವ ವೈದ್ಯರು ಬೇರೆ ವಿಭಾಗಗಳಲ್ಲಿ ವಿರಳ.

ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ; ದೊಡ್ಡವರಲ್ಲಿ ಮುಖ್ಯವಾಗಿ ಸೊಂಟ, ಬೆನ್ನು, ಎದೆಯ ಮೂಳೆಗಳಲ್ಲಿ. ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಅಲ್ಲಿಂದ ಹೊರಬೀಳುತ್ತವೆ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ, ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣವಾದ ಪ್ಲೇಟ್‌ಲೆಟ್‌ನದು ವಾರ, ಹತ್ತು ದಿನ. ಆದ್ದರಿಂದ ರಕ್ತ ಕಡಿಮೆಯಾಗಲು ಕಾರಣ ಮೂರೇ: ತಯಾರಿ ಕುಂಠಿತವಾಗಿದೆ, ಅಥವಾ ಕಣಗಳು ಬೇಗ ಒಡೆಯುತ್ತಿವೆ, ಅಥವಾ ಎಲ್ಲೋ ಸೋರಿ ಹೋಗುತ್ತಿದೆ. ಯಾವುದು ಎಂದು ತಿಳಿಯದೆ ಕೊಡುವ ಟಾನಿಕ್ ಕತ್ತಲೆಯಲ್ಲಿ ಎಸೆದ ಕಲ್ಲು.

ದೃಶ್ಯ: ಮೊದಲ ಚೀಟಿ ಹತ್ತಿರಕ್ಕೆ. ಎಂಸಿವಿ ಎಂಬ ಸಾಲಿನ ಮೇಲೆ ಬೆರಳು.

ಈಗ ಚೀಟಿಗೆ ಬರೋಣ. ಹಿಮೋಗ್ಲೋಬಿನ್ ಕೆಳಗೆ ಎಂಸಿವಿ ಎಂಬ ಸಾಲಿದೆ. ಅದು ಒಂದು ಕೆಂಪು ಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100. ಮೊದಲ ಚೀಟಿಯಲ್ಲಿ ಎಂಸಿವಿ 70, ಕೆಂಪು ಕಣಗಳ ಎಣಿಕೆ 41 ಲಕ್ಷ. ಕಣಗಳು ಸಣ್ಣವು, ಸಂಖ್ಯೆಯೂ ಕಡಿಮೆ. ಕಬ್ಬಿಣ ಸಾಲದೆ ಮಜ್ಜೆ ಸೋತಾಗ ಚಿತ್ರ ಹೀಗಿರುತ್ತದೆ.

ಎರಡನೆಯದರಲ್ಲಿ ಎಂಸಿವಿ 62. ಕಣಗಳು ಇನ್ನೂ ಸಣ್ಣವು. ಆದರೆ ಎಣಿಕೆ 58 ಲಕ್ಷ! ಕಬ್ಬಿಣವಿಲ್ಲದ ಮಜ್ಜೆಗೆ ಇಷ್ಟೊಂದು ಕಣ ತಯಾರಿಸುವುದು ಎಲ್ಲಿ ಸಾಧ್ಯ? ಎಂಸಿವಿಯನ್ನು ಕಣಗಳ ಎಣಿಕೆಯಿಂದ, ಅಂದರೆ 62ನ್ನು 5.8ರಿಂದ (58 ಲಕ್ಷ ಎಂದರೆ 5.8 ಮಿಲಿಯನ್) ಭಾಗಿಸಿದರೆ ಸುಮಾರು 10.7 ಬರುತ್ತದೆ. ಇದಕ್ಕೆ ಮೆಂಟ್ಜರ್ ಸೂಚ್ಯಂಕ ಎಂದು ಹೆಸರು. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆಯ ವಾಹಕರಿರಬಹುದೆಂದು ಅನುಮಾನಿಸಬೇಕು. ಮೊದಲ ಚೀಟಿಗೆ ಇದೇ ಲೆಕ್ಕ 17 ಕೊಡುತ್ತದೆ. ಈ ಲೆಕ್ಕ ಅನುಮಾನಕ್ಕೆ ಮಾತ್ರ, ತೀರ್ಪಿಗಲ್ಲ. ಕಬ್ಬಿಣದ ದಾಸ್ತಾನು ತಿಳಿಯಲು ಫೆರಿಟಿನ್ ಪರೀಕ್ಷೆ ಇದೆ. ಥಲಸ್ಸೇಮಿಯಾ ಖಚಿತಪಡಿಸಲು ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಎಷ್ಟಿದೆ ಎಂದು ನೋಡುತ್ತಾರೆ, ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ವಾಹಕರು.

ವಾಹಕರಿಗೆ ಕಾಯಿಲೆಯೇನೂ ಇಲ್ಲ. ಜೀವನವಿಡೀ ಆರಾಮವಾಗಿರುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಈ ಕಾಯಿಲೆಯ ತೀವ್ರ ರೂಪ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂತಹ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಕೊಟ್ಟ ರಕ್ತದಿಂದ ಮೈಯಲ್ಲಿ ಶೇಖರವಾಗುವ ಕಬ್ಬಿಣ ಇಳಿಸಲು ಮತ್ತೆ ಔಷಧ. ಆದ್ದರಿಂದ ಬಸಿರಿನ ಮೊದಲ ತಿಂಗಳುಗಳಲ್ಲಿ ಹೆಂಡತಿಯ ಚೀಟಿ ಎರಡನೆಯದರಂತಿದ್ದರೆ, ಗಂಡನನ್ನೂ ಅದೇ ವಾರ ಪರೀಕ್ಷೆಗೆ ಎಳೆದುಕೊಂಡು ಹೋಗಿ. ‘ನನಗೇನಾಗಿದೆ, ನಾನು ಗಟ್ಟಿಮುಟ್ಟಾಗಿದ್ದೇನೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ದೃಶ್ಯ: ಅಡಿಕೆ ತೋಟ. ಒದ್ದೆ ಮಣ್ಣು, ಬರಿಗಾಲು.

ಮೊದಲ ಚೀಟಿಯನ್ನೂ ಮಾತ್ರೆ ಕೊಟ್ಟು ಮರೆಯುವ ಹಾಗಿಲ್ಲ. ಕಬ್ಬಿಣ ಹೋದದ್ದೆಲ್ಲಿಗೆ? ಹೆಂಗಸರಲ್ಲಿ ಮುಟ್ಟಿನ ಅತಿಸ್ರಾವ, ಮೇಲಿಂದ ಮೇಲೆ ಹೆರಿಗೆ ದೊಡ್ಡ ಕಾರಣಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದರ ಜೊತೆಗೆ ನಮ್ಮ ಕಡೆ ಬರಿಗಾಲಲ್ಲಿ ಒದ್ದೆ ತೋಟದಲ್ಲಿ ದುಡಿಯುವವರಿದ್ದಾರೆ. ಕೊಕ್ಕೆಹುಳುವಿನ ಮರಿ ಪಾದದ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳು ಒಳಗಿದ್ದು ಮೇಲಿಂದ ಕಬ್ಬಿಣ ಸುರಿದರೆ ಪ್ರಯೋಜನವೇನು? ಹುಳು ಸಾಯಿಸುವ ಆಲ್ಬೆಂಡಜೋಲ್ ಮಾತ್ರೆ, ತೋಟಕ್ಕೆ ಚಪ್ಪಲಿ, ಮನೆಗೆ ಶೌಚಾಲಯ ಮೂರೂ ಚಿಕಿತ್ಸೆಯ ಭಾಗವೇ.

ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾದರೆ ಮಾತ್ರ ಸುಮ್ಮನಿರಲೇಬೇಡಿ. ಹೊಟ್ಟೆಯ ಹುಣ್ಣು, ಮೂಲವ್ಯಾಧಿ, ಕೆಲವೊಮ್ಮೆ ಕರುಳಿನ ಕ್ಯಾನ್ಸರ್ ಸದ್ದಿಲ್ಲದೆ ರಕ್ತ ಸೋರಿಸುತ್ತಿರಬಹುದು. ಅರವತ್ತು ದಾಟಿದ ಅಜ್ಜನಿಗೆ ಎಂಡೋಸ್ಕೋಪಿ ಬೇಕು ಎಂದರೆ ‘ರಕ್ತ ಕಡಿಮೆಯಾದರೆ ಹೊಟ್ಟೆಗೆ ಪೈಪ್ ಯಾಕೆ’ ಎಂದು ವಾದಿಸಬೇಡಿ. ಆ ವೈದ್ಯರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ.

ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ. ಚಹಾ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ದಾಸ್ತಾನು ತುಂಬಬೇಕಲ್ಲ.

ದೃಶ್ಯ: ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಇನ್ನೊಂದು ಪಟ್ಟಿಯ ಅಂಚಿನಿಂದ ಅದನ್ನು ಎಳೆಯುವ ಕೈ.

ಯಂತ್ರ ಅಂಕಿ ಕೊಡುತ್ತದೆ. ಆಕಾರ ನೋಡಬೇಕಾದರೆ ಸ್ಮಿಯರ್ ಬೇಕು. ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಕಬ್ಬಿಣವಿಲ್ಲದ ಕಣ ನಮ್ಮ ತೆಳ್ಳೇವಿನಂತೆ, ಅಂದರೆ ತೆಳು ದೋಸೆಯಂತೆ ಕಾಣುತ್ತದೆ, ನಡುವೆ ಬಿಳಿಚಿ ಅಂಚಿನಲ್ಲಿ ಮಾತ್ರ ಬಣ್ಣ. ವಿಟಮಿನ್ ಬಿ12 ಕೊರತೆಯಲ್ಲಿ ಕೆಂಪು ಕಣಗಳು ದೊಡ್ಡದಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ಬಿಳಿ ಕಣದ ಕೇಂದ್ರ ಆರಾರು ತುಂಡುಗಳಾಗಿ ಒಡೆದಿರುತ್ತದೆ.

ಬಿ12 ವಿಷಯದಲ್ಲಿ ನಮ್ಮ ಜಿಲ್ಲೆ ಎರಡು ಹೋಳು. ಕರಾವಳಿಯಲ್ಲಿ ಬಂಗಡೆ ಇದೆ, ಅಘನಾಶಿನಿಯ ಇಳಿತದಲ್ಲಿ ಹೆಂಗಸರು ಕೆದಕಿ ತೆಗೆಯುವ ಬಳಚು ಇದೆ. ಚಿಪ್ಪಿನೊಳಗಿನ ಆ ಮಾಂಸ ಬಿ12ರ ಖಜಾನೆ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ತಂಬುಳಿಗೆ ಬಗೆಬಗೆಯ ಸೊಪ್ಪಿದೆ, ಅದರಲ್ಲಿ ರಕ್ತಕ್ಕೆ ಬೇಕಾದ ಇನ್ನೊಂದು ವಿಟಮಿನ್ ಫೋಲೇಟ್ ಇದೆ, ಬಿ12 ಇಲ್ಲ. ಹಾಲು ಮೊಸರಿನಿಂದ ಸ್ವಲ್ಪ ಸಿಗುತ್ತದೆ, ಎಲ್ಲರಿಗೂ ಅದು ಸಾಲುವುದಿಲ್ಲ. ಪಾದ ಜುಮುಗುಟ್ಟುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ಮರೆವು: ಇವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಬೇಡಿ.

ಇಲ್ಲೊಂದು ಇತಿಹಾಸವಿದೆ. ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಮುಂಬೈಗೆ ಬಂದು, ಬಟ್ಟೆ ಗಿರಣಿಯ ಗರ್ಭಿಣಿ ಕಾರ್ಮಿಕರಲ್ಲಿ ಕಾಣುತ್ತಿದ್ದ, ಕಣಗಳು ದೊಡ್ಡದಾಗುವ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟ್ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್ ಎಂದು ಆಮೇಲೆ ಗೊತ್ತಾಯಿತು. ಇಂದು ಪ್ರತಿ ಗರ್ಭಿಣಿಗೂ ಕೊಡುವ ಫೋಲಿಕ್ ಆಮ್ಲದ ಬೇರು ಅಲ್ಲಿದೆ. ಒಂದು ಎಚ್ಚರಿಕೆ: ಬಿ12 ಕೊರತೆಯವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ಹಿಮೋಗ್ಲೋಬಿನ್ ಏರಬಹುದು, ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ದೃಶ್ಯ: ಸೊಪ್ಪಿನ ಬೆಟ್ಟ, ತರಗೆಲೆ ಗುಡಿಸುವ ಜನ.

ಪ್ಲೇಟ್‌ಲೆಟ್ ಎಂದ ಕೂಡಲೇ ಸಿದ್ದಾಪುರದವರಿಗೆ ಎದೆ ಝಲ್ ಎನ್ನುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಹರಡುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಕುಸಿಯುತ್ತವೆ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ಇದು ಸೋಂಕು, ರಕ್ತದ್ದೇ ಕಾಯಿಲೆಯಲ್ಲ. ಸೋಂಕು ಇಳಿದಂತೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಡೆಂಗಿಯಲ್ಲೂ ಹೀಗೆಯೇ. ಆ ಯಶಸ್ಸನ್ನು ಪರಂಗಿ ಎಲೆಯ ರಸ ಪ್ರತಿ ವರ್ಷ ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ.

ಇನ್ನೊಂದು ವಿಚಿತ್ರವಿದೆ. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಪರೀಕ್ಷಾ ನಳಿಕೆಯ ರಾಸಾಯನಿಕ ಸೋಕಿದ ಕೂಡಲೇ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರ ಗುಂಪನ್ನು ಬಿಡಿಸಿ ಎಣಿಸಲಾರದು. ಚೀಟಿಯಲ್ಲಿ 30,000 ಎಂದು ಬರುತ್ತದೆ, ಮನುಷ್ಯ ಮಾತ್ರ ಆರಾಮವಾಗಿ ಊಟ ಮಾಡುತ್ತಿರುತ್ತಾನೆ. ಮನೆಯವರು ಗಾಬರಿಯಲ್ಲಿ ಕಾರು ಗೊತ್ತುಮಾಡುವ ಮೊದಲು ಒಂದು ಸ್ಮಿಯರ್ ನೋಡಿಸಿದರೆ ಸತ್ಯ ಹೊರಬೀಳುತ್ತದೆ.

ದೃಶ್ಯ: ಸೊಂಟದ ಮೂಳೆಯ ರೇಖಾಚಿತ್ರ.

ಸ್ಮಿಯರ್‌ನಲ್ಲಿ ಬಲಿಯದ ಬಿಳಿ ಕಣಗಳು ಕಂಡರೆ ಮಜ್ಜೆ ಪರೀಕ್ಷೆ ಬೇಕು. ‘ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆ, ಕಾಲು ಹೋಗುತ್ತದೆ’ ಎಂಬ ಮಾತು ಎಲ್ಲ ಊರಲ್ಲೂ ಇದೆ. ಸೂಜಿ ಹೋಗುವುದು ಸೊಂಟದ ಮೂಳೆಯ ಹಿಂಭಾಗಕ್ಕೆ, ಜಾಗ ಮರಗಟ್ಟಿಸಿದ ಮೇಲೆ. ಎಳೆಯುವಾಗ ಒಂದು ಕ್ಷಣ ನೋವಾಗುವುದು ನಿಜ. ಬೆನ್ನುಹುರಿ ಆ ಹಾದಿಯಲ್ಲೇ ಇಲ್ಲ.

ರಕ್ತದ ಕ್ಯಾನ್ಸರ್ ಎಂದರೆ ಮುಗಿಯಿತು ಎನ್ನುವವರಿಗೆ ಸಿಎಂಎಲ್ ಎಂಬ, ಬಿಳಿ ಕಣಗಳ ನಿಧಾನಗತಿಯ ಕ್ಯಾನ್ಸರಿನ ಕಥೆ ಹೇಳಬೇಕು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಈ ರೋಗಿಗಳ ಕಣಗಳಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡಿತು. 1973ರಲ್ಲಿ ಜಾನೆಟ್ ರೌಲಿ ಎಂಬ ವಿಜ್ಞಾನಿ, 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿವೆ ಎಂದು ತೋರಿಸಿದರು. ಆ ತಪ್ಪಿನಿಂದ ಹುಟ್ಟುವ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷ ಬದುಕುತ್ತಿದ್ದವರು ದಿನಕ್ಕೊಂದು ಮಾತ್ರೆ ನುಂಗಿ ಹೆಚ್ಚುಕಡಿಮೆ ಎಲ್ಲರಂತೆ ಬಾಳುತ್ತಿದ್ದಾರೆ. ಕಂಪನಿಯ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಮನವಿ ತಿರಸ್ಕರಿಸಿದ್ದರಿಂದ ಅಗ್ಗದ ಜನರಿಕ್ ಮಾತ್ರೆಯ ದಾರಿ ಮುಚ್ಚಲಿಲ್ಲ.

ರಕ್ತ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾ ಬಗ್ಗೆ ಇನ್ನೊಮ್ಮೆ ವಿವರವಾಗಿ ಹೇಳುತ್ತೇನೆ. ಸದ್ಯಕ್ಕೆ ಇಷ್ಟು: ಹುಡುಗನ ಮೊಣಕಾಲು ಸಣ್ಣ ಪೆಟ್ಟಿಗೂ ಪದೇ ಪದೇ ಊದಿದರೆ ಉಳುಕು ಎಂದು ತಿಕ್ಕಿಸಬೇಡಿ. ಇನ್ನು ಕೆಂಪು ಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುವ ಆನುವಂಶಿಕ ಕಾಯಿಲೆ ಕುಡುಗೋಲು ಕಣ ರೋಗಕ್ಕೆ (ಸಿಕಲ್ ಸೆಲ್) 2023ರ ಜುಲೈಯಿಂದ ರಾಷ್ಟ್ರೀಯ ಅಭಿಯಾನವಿದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಕುಟುಂಬಗಳ ಊರಿಗೆ ತಪಾಸಣೆ ಶಿಬಿರ ಬಂದರೆ ತಪ್ಪಿಸಿಕೊಳ್ಳಬೇಡಿ.

ದೊಡ್ಡ ಕಾಯಿಲೆಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಗೋವಾ ಎಂದು ಅಲೆಯುವುದು ಹಳೆಯ ಸಂಕಟ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಸುಮ್ಮನೆ ಎದ್ದದ್ದಲ್ಲ. ಹೋಗಲೇಬೇಕಾದಾಗ ಹೊಸ ಚೀಟಿಯೊಂದನ್ನೇ ಒಯ್ಯಬೇಡಿ. ಹಳೆಯವನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ. ರಕ್ತ ಏರಿಸಿದ್ದರೆ ಏರಿಸುವ ಮೊದಲಿನ ವರದಿ ಇನ್ನೂ ಮುಖ್ಯ, ಯಾಕೆಂದರೆ ಬೇರೆಯವರ ರಕ್ತ ಬೆರೆತ ಮೇಲೆ ನಿಮ್ಮದರ ಗುರುತು ಮಸುಕಾಗುತ್ತದೆ. ಪ್ರಯೋಗಾಲಯದಲ್ಲಿ ಸ್ಲೈಡ್ ಉಳಿದಿದ್ದರೆ ಅದನ್ನೂ ಕೇಳಿ ಪಡೆಯಿರಿ, ತಜ್ಞರು ತಮ್ಮ ಕಣ್ಣಿನಿಂದಲೇ ನೋಡಲು ಬಯಸುತ್ತಾರೆ.

ತೆರೆಯ ಮೇಲೆ: ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು

ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆಗಳು ಕಾಲಿನ ಮೇಲೆ ಎದ್ದಿದ್ದರೆ, ಒಸಡಿನ ರಕ್ತ ನಿಲ್ಲದಿದ್ದರೆ, ಬಿಳಿ ಕಣ ತೀರಾ ಕಡಿಮೆ ಎಂದು ಗೊತ್ತಿದ್ದವರಿಗೆ ಜ್ವರ ಬಂದರೆ, ಬೆಳಗಿನ ಬಸ್ಸಿಗೆ ಕಾಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಆ ರಾತ್ರಿಯೇ ಹೋಗಿ, ಚೀಟಿಗಳ ಕಟ್ಟನ್ನು ಮರೆಯದೆ ಹಿಡಿದುಕೊಳ್ಳಿ.